ನಲವತ್ತು ತಿರುವು, ಒಂದು ಆಡಿನ ತಲೆ

ಕಳೆದ ಮೇ ತಿಂಗಳಲ್ಲಿ ನಮ್ಮ ಯುವಜನ ಸಂಘ ಆನೈಮಲೈ ಬೆಟ್ಟಕ್ಕೆ ಪ್ರವಾಸ ಹೋಗಿ ಬಂದದ್ದು ನಿಮಗೆಲ್ಲ ಗೊತ್ತು. ಫೋಟೊ ಯಾಕೆ ಹಾಕಲಿಲ್ಲ ಎಂದು ಭಾನುವಾರ ಪೂಜೆ ಮುಗಿಸಿ ಹೊರಬರುವಾಗ ಎಷ್ಟೋ ಮಂದಿ ಕೇಳಿದ್ದೀರಿ. "ಹಾಕ್ತೀವಿ ಆಂಟಿ, ಈ ವಾರ ಹಾಕ್ತೀವಿ" ಎನ್ನುತ್ತಲೇ ತಿಂಗಳುಗಳು ಕಳೆದವು. ಹಾಕದಿರಲು ಕಾರಣವಿತ್ತು. ನಮ್ಮ ಗಾಯಕವೃಂದದಲ್ಲಿ ಕೀಬೋರ್ಡ್ ನುಡಿಸುವ ಹುಡುಗ ಆ ಪ್ರವಾಸದಲ್ಲಿ ಸಾವಿನ ಬಾಗಿಲ ತನಕ ಹೋಗಿಬಂದ. ಈಗ ಅವನೂ ಅವನ ಅಮ್ಮನೂ "ಬರೀರಿ, ನಾಲ್ಕು ಜನಕ್ಕೆ ಗೊತ್ತಾಗಲಿ" ಎಂದಿದ್ದಾರೆ. ಹಾಗಾಗಿ ಬರೆಯುತ್ತಿದ್ದೇವೆ.

ನಾವು ಹದಿನೇಳು ಮಂದಿ, ಒಂದು ಟೆಂಪೊ ಟ್ರಾವೆಲರ್. ಪೊಳ್ಳಾಚಿಯ ತೆಂಗಿನ ತೋಟಗಳನ್ನು ದಾಟಿ, ಆಳಿಯಾರ್ ಅಣೆಕಟ್ಟಿನ ಬುಡದಿಂದ ಘಾಟಿ ಹತ್ತಿದರೆ ವಾಲ್ಪಾರೈಗೆ 40 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ನಂಬರ್ ಹಾಕಿದ್ದಾರೆ. ಒಂಬತ್ತನೆಯ ತಿರುವಿನ ಹತ್ತಿರ ಬಂಡೆಯ ಮೇಲೆ ನೀಲಗಿರಿ ತಾರ್ ನಿಂತಿತ್ತು, ತಮಿಳರು ಅದನ್ನು ವರೈಯಾಡು ಎನ್ನುತ್ತಾರೆ, ಬೆಟ್ಟದ ಕಾಡು ಆಡು. ಮೇಲೆ ಚಹಾ ತೋಟಗಳ ನಡುವಿನ ಮರಗಳಲ್ಲಿ ಸಿಂಗಳೀಕಗಳೂ ಸಿಕ್ಕವು. ಮರುದಿನ ಬೆಳಿಗ್ಗೆ ತಮಿಳು ಪೂಜೆಯಲ್ಲಿ ಪಾಲ್ಗೊಂಡೆವು. ಮಧ್ಯಾಹ್ನ ಒಂದು ಹಳ್ಳದ ಬಳಿಗೆ ಹೋದೆವು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು.

ಸಂಜೆ ನಾಲ್ಕರ ಸುಮಾರಿಗೆ ಅವನು ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಜಾರಿದ. ಬಲಗಡೆ ಕಣತಲೆ ಬಂಡೆಗೆ ಬಡಿಯಿತು. ಒಂದು ಗಳಿಗೆ ಮಾತಿಲ್ಲ. ಆಮೇಲೆ ತಾನೇ ಎದ್ದು ಕೂತ, ನಕ್ಕ, "ಮೊಬೈಲ್ ಒದ್ದೆಯಾಯ್ತಾ ನೋಡ್ರೋ" ಎಂದ. ರಕ್ತ ಬಂದಿರಲಿಲ್ಲ, ಬರೀ ಊತ. ಎಲ್ಲರೂ ಉಸಿರು ಬಿಟ್ಟೆವು. ಆರು ಗಂಟೆಗೆ ತಲೆನೋವು ಎಂದು ಗಾಡಿಯಲ್ಲಿ ಮಲಗಿದ. ಸುಸ್ತಾಗಿರಬೇಕು, ಮಲಗಲಿ ಎಂದು ನಮ್ಮದೇ ಜಾಕೆಟ್ ಮಡಚಿ ತಲೆಯ ಕೆಳಗಿಟ್ಟೆವು. ಏಳಕ್ಕೆ ವಾಂತಿ. ಘಾಟಿಯದ್ದಿರಬೇಕು, ಮಧ್ಯಾಹ್ನದ ಬಿರಿಯಾನಿಯದ್ದಿರಬೇಕು ಎಂದುಕೊಂಡೆವು.

ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಆ ಗಾಡಿಯಲ್ಲಿ ಬಿಎಸ್ಸಿ ಓದಿದವರೇ ಮೂವರಿದ್ದೆವು. ಮೆದುಳಿನ ಚಿತ್ರ ಬಿಡಿಸಿ, ಮೂರು ಪೊರೆಗಳ ಹೆಸರು ಬರೆದು ಅಂಕ ತೆಗೆದುಕೊಂಡವರು ನಾವು. ತಲೆಗೆ ಏಟು ಬಿದ್ದವನು ಮೊದಲು ಚೆನ್ನಾಗಿ ಮಾತಾಡಿ, ಗಂಟೆಗಳ ಮೇಲೆ ಮಂಕಾಗುತ್ತಾ ಹೋದರೆ ಒಳಗೆ ರಕ್ತ ಕಟ್ಟುತ್ತಿರಬಹುದು ಎಂಬುದನ್ನೂ ಎಲ್ಲೋ ಓದಿದ್ದೆವು. ಪುಸ್ತಕದಲ್ಲಿದ್ದದ್ದು ಗಾಡಿಯೊಳಗೆ ನೆನಪಿಗೆ ಬರಲಿಲ್ಲ. ಅವನ ಪಕ್ಕದಲ್ಲಿ ಕೂತಿದ್ದ ಹತ್ತನೇ ಕ್ಲಾಸಿನ ಹುಡುಗಿಯೇ "ಅಣ್ಣನ್ನ ಎಬ್ಬಿಸಿದ್ರೆ ಏಳ್ತಿಲ್ಲ" ಎಂದು ಅಳಲು ಶುರು ಮಾಡಿದ್ದು.

ವಾಲ್ಪಾರೈಯ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡಿದರು. ಬಲಗಣ್ಣಿನ ಪಾಪೆ ಎಡಗಣ್ಣಿಗಿಂತ ದೊಡ್ಡದಾಗಿತ್ತು, ಬೆಳಕಿಗೆ ನಿಧಾನವಾಗಿ ಕುಗ್ಗುತ್ತಿತ್ತು. ಅವರು ಒಂದು ನಿಮಿಷವನ್ನೂ ಹಾಳು ಮಾಡಲಿಲ್ಲ. ಮೆದುಳಿನ ಒತ್ತಡ ತಗ್ಗಿಸಲು ಮ್ಯಾನಿಟಾಲ್ ಡ್ರಿಪ್ ಹಾಕಿ, 108 ಆಂಬುಲೆನ್ಸ್‌ಗೆ ಹತ್ತಿಸಿ, ಕೊಯಮತ್ತೂರಿಗೆ ಹೋಗಿ ಎಂದರು. ಪೊಳ್ಳಾಚಿಗೆ 64 ಕಿಲೋಮೀಟರ್, ಅಲ್ಲಿಂದ ಕೊಯಮತ್ತೂರಿಗೆ ಇನ್ನೊಂದು ನಲವತ್ತು. ಹತ್ತುವಾಗ ಕೇಕೆ ಹಾಕಿ ಎಣಿಸಿದ ತಿರುವುಗಳನ್ನು ಇಳಿಯುವಾಗ ಹಿಂದುಮುಂದಾಗಿ ಎಣಿಸಿದೆವು. ನಲವತ್ತು, ಮೂವತ್ತೊಂಬತ್ತು, ಮೂವತ್ತೆಂಟು. ಗಾಡಿಯಲ್ಲಿ ಯಾರೋ ಜಪಸರ ಶುರು ಮಾಡಿದರು, ತಿರುವಿಗೊಂದು ಮಣಿ. ಕೆಳಗೆ ತಲುಪುವಷ್ಟರಲ್ಲಿ ನಾಲ್ಕು ದಶಕ ಮುಗಿದಿತ್ತು. ಐದನೆಯದನ್ನು ಪೊಳ್ಳಾಚಿ ರಸ್ತೆಯಲ್ಲಿ ಹೇಳಿದೆವು.

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆದಾಗ ರಾತ್ರಿ ಹನ್ನೊಂದು ದಾಟಿತ್ತು. ಪರದೆಯ ಮೇಲೆ ತಲೆಬುರುಡೆಯ ಒಳಬದಿಗೆ ಅಂಟಿಕೊಂಡಂತೆ, ಭೂತಗನ್ನಡಿಯ ಆಕಾರದ ಒಂದು ಬಿಳಿ ಗುಡ್ಡೆ. ತೋರಿಸಿದ ವೈದ್ಯರನ್ನು ಕಂಡು ನಮ್ಮ ಎದೆ ಇನ್ನಷ್ಟು ಕುಸಿಯಿತು. ನಮಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು ಅಷ್ಟೆ. ಕಣ್ಣಲ್ಲಿ ನಿದ್ದೆ, ಕಾಲಲ್ಲಿ ಹವಾಯಿ ಚಪ್ಪಲಿ. ನಾವು ಹರುಕುಮುರುಕು ತಮಿಳಿನಲ್ಲಿ ತಡವರಿಸುತ್ತಿದ್ದರೆ ಅವರು ಕನ್ನಡದಲ್ಲೇ ಶುರು ಮಾಡಿದರು: "ಹೆದರ್ಕೋಬ್ಯಾಡಿ. ರಕ್ತ ಮೆದುಳೊಳಗೆ ಇಲ್ಲ, ಹೊರಗೆ ಐತೆ. ಬೇಗ ತೆಗೀಬೇಕು, ಅಷ್ಟೇ." ಆಮೇಲೆ ತಿಳಿಯಿತು, ಅವರದು ಕೊಯಮತ್ತೂರಿನ ದೇವಾಂಗರ ಮನೆ. ತಲೆಮಾರುಗಳ ಹಿಂದೆ ಬಂದು ನೆಲೆಸಿದ ನೇಕಾರರು, ಇಂದಿಗೂ ಮನೆಯೊಳಗೆ ಕನ್ನಡ. ಓದಲು ಬರೆಯಲು ಬಾರದು, ಮಾತು ಮಾತ್ರ ಇದೆ.

ಬೆಂಗಳೂರಿನಲ್ಲಿದ್ದ ಅವನ ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿಸಿದೆವು. ಅಪ್ಪ ಒಪ್ಪಿದರು. ಫಾರಂ ಮೇಲೆ ಸಹಿ ಹಾಕುವಾಗ ಬಾಯಿ ತಪ್ಪಿ ಕೇಳಿಬಿಟ್ಟೆವು: "ಸರ್, ನೀವು ಇದನ್ನ ಎಷ್ಟು ಸಲ ಮಾಡಿದ್ದೀರಾ?" ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಬೇಸರಿಸಲಿಲ್ಲ. "ದೊಡ್ಡ ಡಾಕ್ಟರು ಮನೆಯಿಂದ ಹೊರಟವ್ರೆ. ಅವರು ಬರೋದ್ರೊಳಗೆ ನಾನು ತಲೆ ತೆಗೆದಿರ್ತೀನಿ" ಎಂದರು. ತಲೆ ತೆಗೆಯುವುದು ಎಂದರೆ ಅವರ ಭಾಷೆಯಲ್ಲಿ ಬುರುಡೆಯ ಒಂದು ತುಂಡನ್ನು ಬಿಚ್ಚುವುದು. ನಮಗೆ ಅದು ಹೇಗೆ ಕೇಳಿಸಿತು ಎಂದು ನೀವೇ ಊಹಿಸಿ.

ಕಣತಲೆಯ ಮೂಳೆ ಬುರುಡೆಯಲ್ಲೇ ತೆಳುವಾದ ಜಾಗ. ಅದರ ಒಳಮೈಯಲ್ಲಿ ಒಂದು ರಕ್ತನಾಳ ಹರಿಯುತ್ತದೆ. ಮೂಳೆ ಸೀಳಿದರೆ ಅದೂ ಹರಿಯಬಹುದು, ಆಗ ರಕ್ತ ಮೂಳೆಗೂ ಮೆದುಳಿನ ಹೊರಪೊರೆಗೂ ನಡುವೆ ತುಂಬುತ್ತಾ ಮೆದುಳನ್ನು ಅಮುಕುತ್ತದೆ. ಆ ಹೊರಪೊರೆಯ ಹೆಸರು ಡ್ಯೂರಾ ಮೇಟರ್, ಲ್ಯಾಟಿನ್ನಿನಲ್ಲಿ ಗಟ್ಟಿ ತಾಯಿ. ಒಳಗಿನದು ಪಯಾ ಮೇಟರ್, ಕೋಮಲ ತಾಯಿ. ಅರಬ್ಬಿ ವೈದ್ಯರು ಈ ಪೊರೆಗಳನ್ನು ತಾಯಿ ಎಂದು ಕರೆಯುತ್ತಿದ್ದರು, ಅದೇ 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಬಂತು. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಈ ಅರ್ಥ ನಮಗೆ ಯಾರೂ ಹೇಳಿರಲಿಲ್ಲ. ಶಸ್ತ್ರಚಿಕಿತ್ಸಕ ಮಾಡಬೇಕಾದದ್ದು ಕೇಳಲು ಸರಳ: ಮೂಳೆಯಲ್ಲಿ ತೂತು ಕೊರೆದು, ತೂತುಗಳ ನಡುವೆ ಕತ್ತರಿಸಿ, ತುಂಡನ್ನು ಮುಚ್ಚಳದಂತೆ ಎತ್ತಿ, ಹೆಪ್ಪುಗಟ್ಟಿದ ರಕ್ತ ತೆಗೆದು, ಸೋರುವ ನಾಳವನ್ನು ಮುಚ್ಚಿ, ಮೂಳೆಯನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸುವುದು. ಕಷ್ಟವಿರುವುದು ಒಂದೇ ಕಡೆ. ಡ್ರಿಲ್ ಮೂಳೆಯನ್ನು ದಾಟಬೇಕು, ಗಟ್ಟಿ ತಾಯಿಯನ್ನು ಮುಟ್ಟಬಾರದು.

ಬೆಳಗಿನ ಜಾವ ಮೂರೂವರೆಗೆ ಹೊರಗೆ ಬಂದು "ಆಯ್ತು" ಎಂದರು. ಎರಡನೆಯ ದಿನ ಅವನು ಕಣ್ಣು ಬಿಟ್ಟ. ಮೂರನೆಯ ದಿನ ಅವನ ಬೆರಳುಗಳು ಹೊದಿಕೆಯ ಮೇಲೆ ಏನೋ ನುಡಿಸುತ್ತಿದ್ದವು. ಅವನ ಅಮ್ಮ ಅದನ್ನು ನೋಡುತ್ತಾ ಕೂತರು, ನಮ್ಮನ್ನು ಮಾತಾಡಿಸಲಿಲ್ಲ. ಅದಕ್ಕೆ ನಾವು ಅರ್ಹರೇ.

ಅವತ್ತು ಸಂಜೆ ಕ್ಯಾಂಟೀನಿನಲ್ಲಿ ಆ ವೈದ್ಯರು ಸಿಕ್ಕರು. ಧನ್ಯವಾದ ಹೇಳಲು ಹೋದವರು ಮತ್ತೆ ಅದೇ ಪ್ರಶ್ನೆ ಕೇಳಿದೆವು, ಈ ಸಲ ಸಂಶಯದಿಂದಲ್ಲ, ಕುತೂಹಲದಿಂದ. ನಿಮ್ಮ ಕೈ ಇದನ್ನು ಎಲ್ಲಿ ಕಲಿಯಿತು? ಅವರು ಚಹಾ ಹೀರಿ, "ಮಟನ್ ಅಂಗಡಿಲಿ" ಎಂದರು.

ತಮಾಷೆಯಲ್ಲ. ಎಂಸಿಎಚ್ ಸೇರಿದ ಮೊದಲ ವರ್ಷ ಅವರು ಭಾನುವಾರ ಮುಂಜಾನೆ ಅಂಗಡಿಗೆ ಹೋಗಿ ಆಡಿನ ತಲೆ ತರುತ್ತಿದ್ದರಂತೆ. "ತಲೆ ಸುಡಬೇಡಿ, ಒಡೀಬೇಡಿ, ಹಾಗೇ ಕೊಡಿ" ಎಂದರೆ ಅಂಗಡಿಯವನಿಗೆ ದೊಡ್ಡ ಗೊಂದಲ: ಸುಡದೆ ಹೇಗೆ ಅಡುಗೆ ಮಾಡ್ತೀರಿ ಸಾರ್? ಅಭ್ಯಾಸದ ಕೋಣೆಯಲ್ಲಿ ತಲೆಯನ್ನು ಹಿಡಿಕೆಗೆ ಬಿಗಿದು, ಸೂಕ್ಷ್ಮದರ್ಶಕದ ಕೆಳಗಿಟ್ಟು ಕೆಲಸ ಶುರು. ಚರ್ಮ ಬಿಡಿಸುವುದು, ಮೂಳೆ ಕೊರೆಯುವುದು. ಆಡಿನ ಕೊಂಬಿನ ಬುಡದಲ್ಲಿ ಮೂಳೆಯೊಳಗೆ ಟೊಳ್ಳು ಇರುತ್ತದೆ, ಅಲ್ಲಿ ಕೊರೆದು ಮೆದುಳು ಸಿಕ್ಕಿತೆಂದು ಮೋಸ ಹೋಗಬಾರದು. ಡ್ಯೂರಾ ಆಡಿನಲ್ಲಿ ತೆಳು. ಅದನ್ನು ಹರಿಯದಂತೆ ಮೂಳೆಯಿಂದ ಬಿಡಿಸಿ, ಕತ್ತರಿಸಿ, ಕೊನೆಗೆ ಒಂದು ಹನಿ ಸೋರದಂತೆ ಹೊಲಿಯಬೇಕು. ಸೋರುತ್ತದೋ ಇಲ್ಲವೋ ನೋಡಲು ಬಣ್ಣದ ನೀರು ಬಿಡುತ್ತಾರೆ. ಮೊದಲ ತಿಂಗಳೆಲ್ಲ ಸೋರಿತಂತೆ.

ಅಷ್ಟರ ನಂತರವೇ ಮೆದುಳಿಗೆ ಕೈ. ಮೆದುಳಿನ ಮಡಿಕೆಗಳ ನಡುವಿನ ಸಂದಿಯನ್ನು, ಜೇಡರ ಬಲೆಯಂಥ ಪೊರೆಯನ್ನು ಮಾತ್ರ ಕತ್ತರಿಸಿ, ಅಕ್ಕಪಕ್ಕದ ಕೂದಲೆಳೆಯಂಥ ನಾಳಗಳಿಗೆ ನೋವಾಗದಂತೆ ಅಗಲಿಸುತ್ತಾ ಆಳಕ್ಕೆ ಹೋಗಬೇಕು. ಮನುಷ್ಯನ ಮೆದುಳಿನ ಬುಡದಲ್ಲಿರುವ ಗಡ್ಡೆಗೆ ಹೋಗುವ ದಾರಿಯೂ ಇಂಥದೇ ಸಂದಿ. "ಬಾಗಿಲು ಒಡೆಯೋದಲ್ಲ, ಚಿಲಕ ಹುಡುಕೋದು" ಎಂದು ಅವರು ಹೇಳಿದ್ದು ನಮಗೆ ನೆನಪಿದೆ. ಹಸಿ ಮೆದುಳು ಗಟ್ಟಿ ಮೊಸರಿನ ಹಾಗೆ. ಫಾರ್ಮಲಿನ್‌ನಲ್ಲಿ ಇಟ್ಟದ್ದು ರಬ್ಬರಿನ ಹಾಗೆ ಬಿಗಿಯುತ್ತದೆ, ಕೈಗೆ ಸುಳ್ಳು ಹೇಳುತ್ತದೆ. ಅದಕ್ಕೇ ಅಂದಂದಿನ ತಾಜಾ ತಲೆ ಬೇಕು. ಮಧ್ಯಾಹ್ನದ ಹೊತ್ತಿಗೆ ವಾಸನೆ ಬರುತ್ತದೆ, ಊಟ ಸೇರುವುದಿಲ್ಲ.

ಆಡಿನ ತಲೆಗಿಂತ ಮುಂಚೆ ಮೊಟ್ಟೆ. ಇದನ್ನು ಕೇಳಿ ನಾವು ನಕ್ಕೆವು, ಅವರು ನಗಲಿಲ್ಲ. ಹಸಿ ಕೋಳಿಮೊಟ್ಟೆಯ ಚಿಪ್ಪನ್ನು ಸಣ್ಣ ಡ್ರಿಲ್‌ನಿಂದ ಸವೆಸಿ ಸವೆಸಿ ತೆಗೆಯಬೇಕು, ಒಳಗಿನ ಬಿಳಿ ಪೊರೆ ಹರಿಯಬಾರದು. ಚಿಪ್ಪು ಮೂಳೆ, ಪೊರೆ ಡ್ಯೂರಾ. ಬೇರೆ ಬೇರೆ ದೇಶಗಳಲ್ಲಿ ಶಸ್ತ್ರಚಿಕಿತ್ಸೆ ಕಲಿಯುವವರು ಹೀಗೆ ಮೊಟ್ಟೆ ಕೊರೆಯುತ್ತಾರೆ.

ಕೋಳಿ ರೆಕ್ಕೆಯದು ಇನ್ನೊಂದು ಕಥೆ. ರೆಕ್ಕೆಯೊಳಗಿನ ಅಪಧಮನಿ ಸುಮಾರು ಒಂದು ಮಿಲಿಮೀಟರ್ ದಪ್ಪ, ಮೆದುಳಿನ ಮೇಲ್ಮೈಯ ನಾಳಗಳ ಅಳತೆಗೆ ಹತ್ತಿರ. ಅದನ್ನು ಕತ್ತರಿಸಿ, ಕೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ ಸುತ್ತಲೂ ಎಂಟು ಹತ್ತು ಹೊಲಿಗೆ ಹಾಕಿ ಮತ್ತೆ ಜೋಡಿಸಬೇಕು. ಉಸಿರು ಬಿಟ್ಟರೂ ಸೂಕ್ಷ್ಮದರ್ಶಕದಲ್ಲಿ ಸೂಜಿ ಭೂಕಂಪದಂತೆ ಅಲ್ಲಾಡುತ್ತದೆ. ಮಗ್ಗದಲ್ಲಿ ಎಳೆ ಕಡಿದಾಗ ಅವರ ತಾತ ಬೆರಳಲ್ಲೇ ಗಂಟು ಹಾಕುತ್ತಿದ್ದರಂತೆ, ಗಂಟು ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. "ತಾತನ ಕೈ ನಂಗೆ ಬರ್ಲಿಲ್ಲ, ಕೋಳಿ ಹತ್ರ ಕಲೀಬೇಕಾಯ್ತು" ಎಂದರು.

ಈ ಬಗೆಯ ಸೂಕ್ಷ್ಮ ಕೆಲಸದ ಗುರು ಎನಿಸಿಕೊಂಡವರು ಟರ್ಕಿ ಮೂಲದ ಗಾಜಿ ಯಾಶಾರ್ಗಿಲ್. 1965ರಲ್ಲಿ ಅವರು ಜ್ಯೂರಿಕ್‌ನಿಂದ ಅಮೆರಿಕದ ವರ್ಮಾಂಟ್‌ಗೆ ಹೋಗಿ, ಡಾನಗಿ ಎಂಬ ವೈದ್ಯರ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಪ್ರಾಣಿಗಳ ಸಣ್ಣ ನಾಳಗಳನ್ನು ಹೊಲಿದು ಕಲಿತರು. 1967ರ ಅಕ್ಟೋಬರ್ 30ರಂದು ಜ್ಯೂರಿಕ್‌ನಲ್ಲಿ ಮನುಷ್ಯನ ನೆತ್ತಿಯ ನಾಳವನ್ನು ಮೆದುಳಿನ ನಾಳಕ್ಕೆ ಜೋಡಿಸಿದರು. ಆಗಲೇ ನಲವತ್ತು ದಾಟಿದ ಅನುಭವಿ ಅವರು. ಆದರೂ ಮೊದಲಿಂದ ಕಲಿಯಲು ಕೂತರು.

ಇಂದು ದೆಹಲಿಯ ಏಮ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಯ ಅಭ್ಯಾಸಕ್ಕೆಂದೇ ಪ್ರಯೋಗಾಲಯವಿದೆ, ನಮ್ಮ ಬೆಂಗಳೂರಿನ ಎಂ.ಎಸ್. ರಾಮಯ್ಯದಲ್ಲೂ ಕೌಶಲ ತರಬೇತಿ ಕೇಂದ್ರವಿದೆ. ಎಲ್ಲ ಊರಲ್ಲೂ ಅದಿಲ್ಲ. ಇಲ್ಲದ ಕಡೆ ಆಡಿನ ತಲೆ, ಕೋಳಿ ರೆಕ್ಕೆ, ಹಳೆಯ ಒಂದು ಸೂಕ್ಷ್ಮದರ್ಶಕ. ಕೊರತೆಯೂ ಇದೆ. ಸತ್ತ ಆಡು ರಕ್ತ ಸುರಿಸುವುದಿಲ್ಲ. ಅದರ ಮೆದುಳು ಉಸಿರಿನ ಜೊತೆ ಏರಿಳಿಯುವುದಿಲ್ಲ, ನಾಡಿಯ ಜೊತೆ ಮಿಡಿಯುವುದಿಲ್ಲ. ಕೆಂಪು ನೀರನ್ನು ಕೊಳವೆಯಲ್ಲಿ ತಳ್ಳಿ ರಕ್ತದಂತೆ ಮಾಡಿ ನೋಡುತ್ತಾರೆ, ಆದರೂ ಮನುಷ್ಯನ ತಲೆಯಲ್ಲಿ ಮೊದಲ ಸಲ ರಕ್ತ ಚಿಮ್ಮಿದಾಗ ಪಕ್ಕದಲ್ಲಿ ಹಿರಿಯರಿರಲೇಬೇಕು. "ಅವತ್ತು ರಾತ್ರಿ ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತಿದ್ರು. ಮಾತಾಡ್ಲಿಲ್ಲ. ಮಾತಾಡ್ಲಿಲ್ಲ ಅಂದ್ರೆ ಸರಿಯಾಗಿದೆ ಅಂತ" ಎಂದು ಚಹಾ ಲೋಟ ಇಟ್ಟು ಎದ್ದರು.

ಆ ರಾತ್ರಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಮ್ಮೊಳಗೆ ದೊಡ್ಡ ವಾದ. ತಪಸ್ಸುಕಾಲದಿಂದ ಮಾಂಸ ಬಿಟ್ಟಿರುವ ನಮ್ಮ ಕಾರ್ಯದರ್ಶಿಗೆ ಇದೆಲ್ಲ ಸರಿಬರಲಿಲ್ಲ. ದೇವರ ಸೃಷ್ಟಿಯನ್ನು ಅಭ್ಯಾಸದ ಹಾಳೆ ಮಾಡಿಕೊಳ್ಳುವುದೇ ಎಂದು ಕೇಳಿದಳು. ಊಟಕ್ಕೆಂದು ಕೊಯ್ದ ಆಡಿನ ತಲೆ ತಾನೇ, ಅಭ್ಯಾಸಕ್ಕೆಂದು ಯಾರೂ ಕೊಂದಿಲ್ಲವಲ್ಲ ಎಂದೆವು. "ಹಾಗಾದ್ರೆ ಜೀವಂತ ಇಲಿಗಳು?" ಎಂದಳು. ಅದು ಸುಳ್ಳಲ್ಲ. ನಾಳ ಹೊಲಿದ ಮೇಲೆ ರಕ್ತ ನಿಜವಾಗಿ ಹರಿಯುತ್ತದೋ ನೋಡಲು ಅರಿವಳಿಕೆ ಕೊಟ್ಟ ಇಲಿಗಳನ್ನು ಬಳಸುವ ಹಂತವೂ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅದಕ್ಕೆ ಸಮಿತಿಯ ಅನುಮತಿ ಬೇಕು.

ನಮ್ಮ ಕಾಲೇಜಿನ ಸೀನಿಯರ್‌ಗಳು ಕಪ್ಪೆ, ಜಿರಲೆ ಕೊಯ್ದವರು. ನಮ್ಮ ಬ್ಯಾಚಿನ ಹೊತ್ತಿಗೆ ಯುಜಿಸಿ ಅದನ್ನು ನಿಲ್ಲಿಸಿ, ನಾವು ಕಂಪ್ಯೂಟರ್ ಪರದೆಯ ಮೇಲೆ ಕಪ್ಪೆ ಕೊಯ್ದೆವು. ಅದು ಸರಿಯಾದ ತೀರ್ಮಾನವೆಂದೇ ನಮ್ಮ ಅಭಿಪ್ರಾಯ, ಏಕೆಂದರೆ ನಮ್ಮಲ್ಲಿ ಯಾರೂ ಮುಂದೆ ಯಾರ ತಲೆಯನ್ನೂ ತೆರೆಯುವವರಿರಲಿಲ್ಲ. ತೆರೆಯುವವರ ಲೆಕ್ಕ ಬೇರೆ. ಧರ್ಮಸಭೆಯ ಬೋಧನೆಯೂ ಹೆಚ್ಚುಕಡಿಮೆ ಇಲ್ಲೇ ಗೆರೆ ಎಳೆಯುತ್ತದೆ. ಕಥೋಲಿಕ ಧರ್ಮೋಪದೇಶದ 2417 ಮತ್ತು 2418ನೇ ವಾಕ್ಯಗಳನ್ನು ಮೊಬೈಲಿನಲ್ಲಿ ತೆಗೆದು ಓದಿದೆವು: ಮನುಷ್ಯರ ಪ್ರಾಣ ಉಳಿಸಲು ನೆರವಾಗುವ ಪ್ರಯೋಗಗಳನ್ನು ಮಿತಿಯೊಳಗೆ ಪ್ರಾಣಿಗಳ ಮೇಲೆ ನಡೆಸಬಹುದು, ಅವುಗಳನ್ನು ಸುಮ್ಮಸುಮ್ಮನೆ ನರಳಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ವಿರುದ್ಧ ಎಂಬುದು ಅದರ ಸಾರ. 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಇದನ್ನೇ ನೆನಪಿಸಿದ್ದಾರೆ. ಕಾರ್ಯದರ್ಶಿ ಓದಿ ಮುಗಿಸಿ, "ಮಿತಿ ಅಂದ್ರೆ ಎಷ್ಟು ಅಂತ ಬರೆದಿಲ್ಲ" ಎಂದಳು. ಅವಳ ಪ್ರಶ್ನೆ ಇನ್ನೂ ಹಾಗೇ ಇದೆ. ನಾವೂ ಅದನ್ನು ಮುಚ್ಚಿಹಾಕಲು ಹೋಗಿಲ್ಲ. ಆದರೆ ಐಸಿಯು ಬಾಗಿಲ ಆಚೆ ಮಲಗಿದ್ದವನನ್ನು ನೆನೆದು, ಯಾರ ತಲೆಯಲ್ಲಿ ಮೊದಲ ತಪ್ಪು ಆಗಬೇಕಿತ್ತು ಎಂದು ಕೇಳಿದಾಗ ಅವಳೂ ಸುಮ್ಮನಾದಳು.

ಈ ದೇಶದಲ್ಲಿ ಮೆದುಳು ಶಸ್ತ್ರಚಿಕಿತ್ಸೆಯ ಮೊದಲ ವಿಭಾಗ ಶುರುವಾದದ್ದು ಒಂದು ಮಿಷನ್ ಆಸ್ಪತ್ರೆಯಲ್ಲಿ ಎಂಬುದು ನಮ್ಮ ಯುವಜನರಲ್ಲಿ ಎಷ್ಟು ಮಂದಿಗೆ ಗೊತ್ತು? 1900ರಲ್ಲಿ ಐಡಾ ಸ್ಕಡರ್ ಒಂದೇ ಹಾಸಿಗೆಯಿಂದ ಆರಂಭಿಸಿದ ವೆಲ್ಲೂರಿನ ಸಿಎಂಸಿಯಲ್ಲಿ, 1949ರಲ್ಲಿ, ಡಾ. ಜೇಕಬ್ ಚಾಂಡಿ ಅದನ್ನು ಕಟ್ಟಿದರು. ಕೇರಳದವರು, ಬಹ್ರೇನಿನ ಮಿಷನ್ ಆಸ್ಪತ್ರೆಯಲ್ಲಿ ದುಡಿದವರು, ಆಮೇಲೆ ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಬಳಿ ಕಲಿತವರು. ಮರುವರ್ಷ ಮದ್ರಾಸಿನಲ್ಲಿ ಡಾ. ರಾಮಮೂರ್ತಿ ಶುರು ಮಾಡಿದರು. ಅದಕ್ಕೂ ಹತ್ತು ವರ್ಷ ಮುಂಚೆ ನಮ್ಮ ಹುಡುಗನಂಥವನು ಆ ಹಳ್ಳದಲ್ಲಿ ಜಾರಿದ್ದರೆ, ನಲವತ್ತು ತಿರುವು ಇಳಿಸಿ ಎಲ್ಲಿಗೆ ಒಯ್ಯುತ್ತಿದ್ದರು?

ಬೆಂಗಳೂರಿಗೆ ಬಂದು ಎರಡು ತಿಂಗಳ ಮೇಲೆ ಅವನನ್ನೂ ಕರೆದುಕೊಂಡು ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಹೋದೆವು. 1995ರಿಂದ ಅಲ್ಲಿ ಮೆದುಳು ಬ್ಯಾಂಕ್ ಇದೆ, ಕುಟುಂಬದವರು ದಾನ ಕೊಟ್ಟ ಮೆದುಳುಗಳನ್ನು ಸಂಶೋಧನೆಗೆ ಕಾಪಿಡುತ್ತಾರೆ. ನೋಡಲು ಬಂದವರ ಕೈಗೂ ಒಂದು ಮೆದುಳನ್ನು ಕೊಡುತ್ತಾರೆ. ಅವನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದ. "ರಬ್ಬರ್ ಥರಾನೇ ಇದೆ, ಡಾಕ್ಟ್ರು ಹೇಳಿದ್ದು ನಿಜ" ಎಂದಷ್ಟೇ ಹೇಳಿದ. ಅವನ ಕೂದಲಿನ ನಡುವೆ ಕಿವಿಯ ಮೇಲೆ ಇನ್ನೂ ಗೆರೆ ಕಾಣುತ್ತದೆ.

ಹೋದ ವಾರದ ಸಭೆಗೆ ಅವನ ಅಮ್ಮ ಆರು ಮೊಟ್ಟೆ ತಂದಿದ್ದರು. ಬಡಗಿ ಕೆಲಸದ ಅಂಕಲ್ ಹತ್ತಿರ ಒಂದು ಚಿಕ್ಕ ಡ್ರಿಲ್ ಸಿಕ್ಕಿತ್ತು. ಮೊಟ್ಟೆಯನ್ನು ಲೋಟದ ಬಾಯಿಗೆ ಕೂರಿಸಿ ಒಬ್ಬೊಬ್ಬರಾಗಿ ಕೊರೆದೆವು. ಮೊದಲನೆಯದು ಕಾಲು ನಿಮಿಷ ಬಾಳಲಿಲ್ಲ. ಸಂಘದ ಅಧ್ಯಕ್ಷರದು ಅಂಗಿಯ ಮೇಲೆಯೇ ಒಡೆಯಿತು. ಕಾರ್ಯದರ್ಶಿಯೂ ಕೂತಳು, ಎಲ್ಲರಿಗಿಂತ ಚೆನ್ನಾಗಿ ಕೊರೆದಳು, ಕಡೆಗೆ ಅದೂ ಹೋಯಿತು. ಐದು ಮುಗಿದ ಮೇಲೆ ಆರನೆಯದನ್ನು ಕೀಬೋರ್ಡ್ ಹುಡುಗ ತೆಗೆದುಕೊಂಡ. ನಲವತ್ತು ನಿಮಿಷ ಯಾರೊಂದಿಗೂ ಮಾತಾಡಲಿಲ್ಲ. ಒಂದು ರೂಪಾಯಿ ನಾಣ್ಯದಗಲದ ಕಿಂಡಿ, ಅದರ ಕೆಳಗೆ ಬಿಳಿ ಪೊರೆ ಹಾಗೇ ಇತ್ತು. ಬೆಳಕಿಗೆ ಹಿಡಿದರೆ ಒಳಗಿನ ಹಳದಿ ಅಲುಗುವುದು ಕಾಣುತ್ತಿತ್ತು. ಅಷ್ಟರಲ್ಲಿ ಸಂಜೆ ಪೂಜೆಯ ಗಂಟೆ ಹೊಡೆಯಿತು, ಅಂಕಲ್ ಡ್ರಿಲ್ ಕೇಳಿದರು. ಅವನಮ್ಮ ಒಡೆದ ಐದನ್ನೂ ಒಂದು ಪಾತ್ರೆಗೆ ಸುರಿದುಕೊಂಡು, ಚಿಪ್ಪಿನ ಚೂರುಗಳನ್ನು ಚಮಚದಲ್ಲಿ ಆರಿಸುತ್ತಾ, ಈರುಳ್ಳಿ ಎಷ್ಟು ಬೇಕು ಎಂದು ಕೇಳುತ್ತಿದ್ದರು.